ನೂರ ಅರವತ್ತು ಚೀಲಗಳು

ಸುಣ್ಣಕಲ್ಲು ಪುಡಿ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಅವನಿಗೆ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷವೂ ಅವನ ಕೊರಳಿಗೆ ಗಂಟುಬಿದ್ದದ್ದು ಧೂಳು ಹಿಡಿಯುವ ಯಂತ್ರ. ಗಿರಣಿಯ ಬೆನ್ನಿಗೆ, ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತ ದೊಡ್ಡ ತಗಡಿನ ಪೆಟ್ಟಿಗೆ ಅದು. ಒಳಗೆ ನೂರ ಅರವತ್ತು ಬಟ್ಟೆಯ ಚೀಲಗಳು. ಒಂದೊಂದೂ ಹತ್ತಡಿ ಉದ್ದ. ಹತ್ತು ಹತ್ತರಂತೆ ಹದಿನಾರು ಸಾಲು, ಬಾಯಿ ಮೇಲೆ ಮಾಡಿಕೊಂಡು ತೂಗುತ್ತಿದ್ದವು. ಗಿರಣಿಯಿಂದ ಎಳೆದ ಧೂಳುಗಾಳಿ ಬಂದು ಚೀಲಗಳ ಹೊರಮೈಗೆ ಬಡಿಯುತ್ತದೆ. ಧೂಳು ಬಟ್ಟೆಗೆ ಅಂಟಿ ಹೊರಗೇ ಉಳಿಯುತ್ತದೆ, ಗಾಳಿ ಮಾತ್ರ ಚೀಲದೊಳಗೆ ನುಗ್ಗಿ ಮೇಲೇರಿ ಚಿಮಣಿ ಸೇರುತ್ತದೆ. ಆಗಾಗ ಕಂಪ್ರೆಸರ್ ಗಾಳಿ ಮೇಲಿನಿಂದ ಟಪ್ಪೆಂದು ಹೊಡೆದು ಚೀಲವನ್ನು ಕೊಡವುತ್ತದೆ. ಕಳಚಿದ ಧೂಳು ಪೆಟ್ಟಿಗೆಯ ಬುಡದಲ್ಲಿರುವ ಹಾಪರ್‌ಗೆ, ಅಂದರೆ ಲಾಳಿಕೆಯಂಥ ದೊಡ್ಡ ತೊಟ್ಟಿಗೆ ಬೀಳುತ್ತದೆ.

ಪೆಟ್ಟಿಗೆಯ ಪಕ್ಕದಲ್ಲೊಂದು ಮೀಟರು. ಮುಳ್ಳು ಮೂರರ ಆಸುಪಾಸಿನಲ್ಲಿದ್ದರೆ ಎಲ್ಲ ಕ್ಷೇಮ. ಚೀಲಗಳು ಧೂಳು ಕುಡಿದು ಕಟ್ಟಿಕೊಂಡ ಹಾಗೆಲ್ಲ ಮುಳ್ಳು ಮೇಲೇರುತ್ತದೆ. ಆ ವರ್ಷ ಅದು ಎರಡು ತಿಂಗಳ ಕಾಲ ಏಳರ ಮೇಲೆ ಜಪ್ಪಯ್ಯ ಅಂದರೂ ಕದಲದೆ ಕೂತಿತ್ತು. ಚೀಲ ಬದಲಿಸಬೇಕೆಂದು ಫಿಟ್ಟರ್ ಮೂರು ಸಲ ಬರೆದುಕೊಟ್ಟ. ಮೂರು ಸಲವೂ ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡು, "ಮುಂದಿನ ತಿಂಗಳು ನೋಡೋಣ" ಎಂದ. ಏನು ಕೇಳಿದರೂ ಮೊದಲು ಮಣಿಕಟ್ಟು ನೋಡಿಕೊಳ್ಳುವ ಅವನನ್ನು ಎಲ್ಲರೂ ಹಿಂದಿನಿಂದ ಗಡಿಯಾರದ ಸಾಹೇಬ ಅನ್ನುತ್ತಿದ್ದರು.

ಆಮೇಲೊಂದು ಬೆಳಿಗ್ಗೆ ಮುಳ್ಳು ಇದ್ದಕ್ಕಿದ್ದ ಹಾಗೆ ನಾಲ್ಕೂವರೆಗೆ ಇಳಿಯಿತು.

"ನೋಡಿದ್ರಾ, ತಾನಾಗೇ ಸರಿಹೋಯ್ತಲ್ಲ" ಎಂದ ಮ್ಯಾನೇಜರ್.

"ಸರಿಹೋಗಿಲ್ಲ ಸಾರ್, ಹರಿದುಹೋಗಿದೆ. ಸ್ವಲ್ಪ ಮೇಲೆ ನೋಡಿ" ಎಂದು ಫಿಟ್ಟರ್ ಚಿಮಣಿಯ ಕಡೆ ಕೈ ತೋರಿಸಿದ. ಚಿಮಣಿಯ ಬಾಯಿಂದ ಬೆಳ್ಳನೆಯ ಪುಡಿ, ಹಿಟ್ಟು ಜರಡಿ ಹಿಡಿದ ಹಾಗೆ, ಉದುರಿ ಕೆಳಗೆ ನಿಲ್ಲಿಸಿದ್ದ ಮ್ಯಾನೇಜರ್ ಕಾರನ್ನು ಆಗಲೇ ಗುರುತು ಸಿಗದ ಹಾಗೆ ಮಾಡಿತ್ತು. ಎರಡು ದಿನ ಗಿರಣಿ ನಿಲ್ಲಿಸಲು ಒಪ್ಪಿಗೆ ಸಿಕ್ಕಿದ್ದು ಆ ಕಾರಿನ ದೆಸೆಯಿಂದ.

ನಾಲ್ಕು ದಿನದ ಕೆಲಸಕ್ಕೆ ಎರಡು ದಿನ. ಫಿಟ್ಟರ್‌ಗೆ ವಾದ ಮಾಡುವಷ್ಟೂ ತ್ರಾಣ ಉಳಿದಿರಲಿಲ್ಲ. ವಯಸ್ಸು ಐವತ್ತೇಳು, ಬಲಗಾಲಿನ ಮಂಡಿ ಏಣಿ ಕಂಡರೆ ಸಾಕು, ಹತ್ತುವ ಮೊದಲೇ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಿನ ಸಂಕಟವೆಂದರೆ ಆ ಎರಡು ದಿನ ಅವನ ಜೊತೆ ನಿಲ್ಲಬೇಕಾದವನು ವೆಲ್ಡರ್. ಅವನ ಬೀಗ.

ಇಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಇಪ್ಪತ್ತಾರು ವರ್ಷ 'ಲೋ', 'ಏನೋ', 'ಬಾರೋ' ಅಂತಲೇ ಬದುಕಿದವರು. ಮೂರು ವರ್ಷದ ಹಿಂದೆ ಫಿಟ್ಟರ್‌ನ ಮಗಳು ವೆಲ್ಡರ್‌ನ ಮಗನನ್ನು ಮದುವೆಯಾದ ದಿನ ಇಬ್ಬರ ಹೆಂಡತಿಯರೂ ಸೇರಿ ಗಂಡಸರಿಗೆ ತಾಕೀತು ಮಾಡಿದರು: ಇನ್ನು ಮೇಲೆ ಬಹುವಚನ. ಮರುದಿನ ಹಾಪರ್‌ನ ಕೆಳಗೆ ನಿಂತುಕೊಂಡು ವೆಲ್ಡರ್, "ಬೀಗರೇ, ಆ ಸುತ್ತಿಗೆ ದಯಪಾಲಿಸಿ" ಎಂದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಗುತ್ತ ನಗುತ್ತಲೇ ಅದು ಅಭ್ಯಾಸವಾಯಿತು.

ಮೂರು ತಿಂಗಳ ಹಿಂದೆ ಮಗಳೂ ಅಳಿಯನೂ ದಿಢೀರನೆ ಊರಿನ ಆಚೆ ತುದಿಯಲ್ಲಿ ಬಾಡಿಗೆ ಮನೆ ಹಿಡಿದು ಹೋದರು. ಮಗಳಿಗೆ ಆಗ ನಾಲ್ಕು ತಿಂಗಳು. ಯಾಕಮ್ಮಾ ಎಂದರೆ, "ಇವರ ಕೆಲಸಕ್ಕೆ ಹತ್ತಿರ ಆಗುತ್ತಂತೆ" ಎಂದಳು, ಅಷ್ಟು ಹೇಳಿ ಅತ್ತಳು. ಬಸುರಿ ಮಗಳು ಅತ್ತಳೆಂದ ಮೇಲೆ ಫಿಟ್ಟರ್‌ನ ಹೆಂಡತಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. "ಅತ್ತೆ ಕಾಟ. ಇನ್ನೇನಿರುತ್ತೆ?" ಎಂದಳು. ಒಂದು ವಾರ ಅದನ್ನೇ ಕೇಳಿ ಕೇಳಿ ಫಿಟ್ಟರ್ ಸಿಟ್ಟು ನೆತ್ತಿಗೇರಿಸಿಕೊಂಡು ವೆಲ್ಡರ್ ಮನೆಗೆ ಹೋದ. ಬೀಗ ಮನೆಯಲ್ಲಿರಲಿಲ್ಲ. ಬಾಗಿಲು ತೆಗೆದ ಬೀಗಿತ್ತಿಗೆ ಹೊಸ್ತಿಲ ಆಚೆಯಿಂದಲೇ, "ನನ್ನ ಮಗಳನ್ನ ಕೊಟ್ಟಿದ್ದು ಸಂಸಾರ ಮಾಡೋಕೆ, ನಿಮ್ಮ ನಾಲಿಗೆಗೆ ಆಹಾರ ಆಗೋಕಲ್ಲ" ಎಂದು ಕೂಗಾಡಿದ. ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದರು. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳೇ ಹೊರತು ತುಟಿ ಬಿಚ್ಚಲಿಲ್ಲ. ಮಾರನೆಯ ದಿನದಿಂದ ವೆಲ್ಡರ್ ಅವನ ಜೊತೆ ಮಾತು ಬಿಟ್ಟ. ಇವನೂ ಬಿಟ್ಟ.

ಮೊದಲ ದಿನ ಬೆಳಿಗ್ಗೆ ಇಬ್ಬರೂ ಧೂಳುಗಾಳಿ ಎಳೆಯುವ ಫ್ಯಾನಿನ ಸ್ವಿಚ್ಚಿಗೆ, ಯಾರೂ ಮರೆತು ಚಾಲೂ ಮಾಡದ ಹಾಗೆ, ತಮ್ಮ ತಮ್ಮ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡರು. ಮುಖ ನೋಡಿಕೊಳ್ಳಲಿಲ್ಲ. ಫಿಟ್ಟರ್ ಪೆಟ್ಟಿಗೆಯ ತಲೆಯ ಮೇಲೆ, ವೆಲ್ಡರ್ ಕೆಳಗೆ, ನಡುವೆ ಅಟ್ಟಣಿಗೆಯ ಮೇಲೆ ಸ್ಟೋರಿನ ಹೆಂಗಸು. ಹೊಸ ಚೀಲಗಳ ಪಟ್ಟಿ ಹಿಡಿದು ಟಿಕ್ ಹಾಕಲು ಬಂದ ಆಕೆಗೆ ಟಪಾಲಿನ ಕೆಲಸ ಗಂಟುಬಿತ್ತು.

"ಅವರಿಗೆ ಹೇಳಮ್ಮಾ, ಕೇಜ್ ಇಳಿಸ್ತಿದೀನಿ, ತಲೆ ಜೋಪಾನ ಅಂತ."

"ಕೇಜ್ ಇಳಿಸ್ತಿದಾರಂತೆ, ತಲೆ ಜೋಪಾನವಂತೆ" ಎಂದಳು ಆಕೆ ಕೆಳಗೆ ಬಗ್ಗಿ.

"ನನ್ನ ತಲೆ ಚಿಂತೆ ಅವರಿಗೆ ಬೇಡ, ಹಗ್ಗ ನೆಟ್ಟಗೆ ಬಿಡೋಕೆ ಹೇಳಿ."

"ಹಗ್ಗ ನೆಟ್ಟಗೆ ಬಿಡಬೇಕಂತೆ." ಮಧ್ಯಾಹ್ನದ ಹೊತ್ತಿಗೆ ಆಕೆಗೂ ಸಾಕುಸಾಕಾಯಿತು. "ನೋಡಿ, ನಾನು ಸಂಬಳ ತಗೊಳ್ಳೋದು ಸಾಮಾನು ಕೊಡೋಕೆ. ಇಬ್ಬರಿಗೂ ದೇವರು ಬಾಯಿ ಕೊಟ್ಟಿದಾನೆ. ಉಪಯೋಗಿಸಿ" ಎಂದು ಬೈದು ಊಟಕ್ಕೆ ಹೋದಳು.

ಹಳೆಯ ಚೀಲ ತೆಗೆಯುವುದು ಸುಮ್ಮನೆ ಮಾತಲ್ಲ. ಮೊದಲು ಗಾಳಿ ಊದುವ ಕೊಳವೆ ಬಿಚ್ಚಬೇಕು. ಆಮೇಲೆ ಚೀಲವನ್ನು ಒಳಗಿನಿಂದ ಅಗಲಿಸಿ ಹಿಡಿದಿರುವ ಕೇಜನ್ನು, ಆ ಉದ್ದನೆಯ ತಂತಿಪಂಜರವನ್ನು, ಎಳೆದು ತೆಗೆಯಬೇಕು. ತುಕ್ಕು ಹಿಡಿದ ಕೇಜು ಬಟ್ಟೆ ಕಚ್ಚಿಕೊಂಡು ಬರಲೊಲ್ಲೆ ಅನ್ನುತ್ತದೆ. ಕೊನೆಗೆ ಚೀಲದ ಬಾಯಲ್ಲಿರುವ ಸ್ಪ್ರಿಂಗ್ ಉಂಗುರವನ್ನು ಹೆಬ್ಬೆರಳಿನಿಂದ ಒತ್ತಿ, ಗೋಡಂಬಿಯ ಹಾಗೆ ಬಗ್ಗಿಸಿ ತೂತಿನಿಂದ ಬಿಡಿಸಬೇಕು. ನಲವತ್ತನೆಯ ಚೀಲಕ್ಕೆ ಹೆಬ್ಬೆರಳು ತನ್ನದಲ್ಲ ಅನ್ನಿಸಿತು. ನೂರನೆಯದಕ್ಕೆ ಸೊಂಟವೂ. ಮುಖವಾಡದ ಒಳಗೆ ಬೆವರು ಸುಣ್ಣದ ಪುಡಿಯ ಜೊತೆ ಸೇರಿ ಗಲ್ಲ ಉರಿಯುತ್ತಿತ್ತು. ಕೆಳಗೆ ನಾಲ್ವರು ಗುತ್ತಿಗೆ ಕೂಲಿಯವರು ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊರುತ್ತಿದ್ದರು. ಯಾರಿಗೂ ಮಾತಾಡುವ ಹುಮ್ಮಸ್ಸಿರಲಿಲ್ಲ.

ಸಂಜೆ ನಾಲ್ಕಕ್ಕೆ ಕೊನೆಯ ಚೀಲ ಇಳಿಯಿತು. ಫಿಟ್ಟರ್ ಕೆಳಗಿಳಿದು ಹರಿದ ಚೀಲಗಳನ್ನೆಲ್ಲ ಒಂದು ಕಡೆ ಹಾಕಿಸಿ ನೋಡಿದ. ಹರಿದಿದ್ದು ಗಾಳಿ ಒಳಬರುವ ಕಡೆಯ ಮೂರು ಸಾಲು ಮಾತ್ರ. ಅದೂ ತಳದಿಂದ ಒಂದು ಗೇಣು ಮೇಲೆ, ಎಲ್ಲವೂ ಒಂದೇ ಎತ್ತರದಲ್ಲಿ. ಉಳಿದವು ಹಳೆಯದಾಗಿದ್ದವು, ಆದರೆ ಗಟ್ಟಿಯಾಗಿದ್ದವು. ಅವನಿಗೆ ಅನುಮಾನ ಬಂತು. ಟಾರ್ಚು ಹಿಡಿದು ಹಾಪರ್‌ನ ಬಾಗಿಲಿನಿಂದ ಒಳಗೆ ಇಣುಕಿದ. ಅನುಮಾನ ನಿಜವಾಯಿತು. ಒಳಗೆ ನುಗ್ಗುವ ಗಾಳಿಯನ್ನು ತಡೆದು ಕೆಳಕ್ಕೆ ತಿರುಗಿಸಲು ಒಂದು ಅಡ್ಡತಗಡು ಇರುತ್ತದೆ. ವರ್ಷಗಟ್ಟಲೆ ಕಲ್ಲುಪುಡಿ ಉಜ್ಜಿ ಅದು ಊಟದ ತಟ್ಟೆಯಗಲ ತೂತು ಬಿದ್ದಿತ್ತು. ಗಾಳಿ ಸೀದಾ ಹೋಗಿ ಚೀಲಗಳಿಗೆ ಬಡಿಯುತ್ತಿತ್ತು.

ಸುದ್ದಿ ಕೇಳಿ ಮ್ಯಾನೇಜರ್ ಬಂದ. ಕೈಗಡಿಯಾರ ನೋಡಿಕೊಂಡ.

"ಈಗ ಚೀಲ ಹಾಕಿಬಿಡಿ. ತಗಡು ಮುಂದಿನ ಸಲ ನೋಡೋಣ."

"ಹೊಸ ಚೀಲ ಮೂರು ತಿಂಗಳೂ ಬಾಳಲ್ಲ ಸಾರ್."

"ಹಾಗಾದ್ರೆ ಚೀಲ ಹಾಕಿ, ಆಮೇಲೊಂದಿನ ಬಿಡುವು ನೋಡ್ಕೊಂಡು ವೆಲ್ಡಿಂಗ್ ಮಾಡಿ."

"ಮೇಲೆ ನೂರ ಅರವತ್ತು ಬಟ್ಟೆ ತೂಗಾಡ್ತಿರ್ತವೆ, ಕೆಳಗೆ ಕಿಡಿ ಹಾರಿಸೋಕಾಗುತ್ತಾ? ಪೂರ್ತಿ ಸುಟ್ಟು ಬೂದಿಯಾಗುತ್ತೆ. ಮಾಡಿದ್ರೆ ಈಗಲೇ ಮಾಡ್ಬೇಕು, ಪೆಟ್ಟಿಗೆ ಖಾಲಿ ಇರೋವಾಗ."

"ನಾಳೆ ಸಾಯಂಕಾಲ ಗಿರಣಿ ತಿರುಗಲೇಬೇಕು, ಅಷ್ಟೇ ನನಗೆ ಗೊತ್ತಿರೋದು."

ಫಿಟ್ಟರ್‌ನ ಕೈ ಟಾರ್ಚನ್ನು ಆರಿಸಿತು. ಹೌದು ಸಾರ್ ಅಂದುಬಿಟ್ಟರೆ ಮನೆಗೆ ಹೋಗಿ ಮಲಗಬಹುದು. ಮೂರು ತಿಂಗಳಾದ ಮೇಲಿನ ಗೋಳು ಆವಾಗಿನದು. ಆ ಆಸೆ ಅವನ ಮೈಯೆಲ್ಲ ಹರಡಿತು. ಅಷ್ಟರಲ್ಲಿ ಹಿಂದಿನಿಂದ ವೆಲ್ಡರ್‌ನ ದನಿ ಕೇಳಿತು.

"ಬೆಳಿಗ್ಗೆ ಆರಕ್ಕೆ ನಾನು ಒಳಗಿಳೀತೀನಿ ಸಾರ್. ಪ್ಲೇಟು ಇವತ್ತೇ ಕತ್ತರಿಸಿ ಇಡ್ತೀನಿ. ಗಿರಣಿ ನಾಡಿದ್ದು ಮಧ್ಯಾಹ್ನ ತಿರುಗುತ್ತೆ. ಬೇಡ ಅಂದ್ರೆ, ಬೇಡ ಅಂತ ಬರೆದು ಸೈನ್ ಹಾಕಿಕೊಡಿ."

ಸೈನ್ ಅಂದ ಕೂಡಲೇ ಮ್ಯಾನೇಜರ್‌ಗೆ ಆಫೀಸಿನಲ್ಲಿ ಏನೋ ಕೆಲಸ ನೆನಪಾಯಿತು. ಹೋಗುತ್ತ, "ಅದೇನ್ ಮಾಡ್ತೀರೋ ಬೇಗ ಮಾಡಿ ಸಾಯಿರಿ" ಎಂದ. ಒಪ್ಪಿಗೆ ಅಂದರೆ ಅಷ್ಟೇ.

ಮರುದಿನ ಬೆಳಿಗ್ಗೆ ವೆಲ್ಡರ್ ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗ ಕಟ್ಟಿಸಿಕೊಂಡು, ಹಾಪರ್‌ನ ಕಿರುಬಾಗಿಲಿನಿಂದ ಒಳಗೆ ಇಳಿದ. ಹೊಗೆ ಎಳೆಯಲು ಬಾಗಿಲ ಪಕ್ಕ ಒಂದು ಸಣ್ಣ ಫ್ಯಾನು. ಒಳಗೆ ಒಬ್ಬ ಇಳಿದರೆ ಹೊರಗೆ ಒಬ್ಬ ಹಗ್ಗ ಹಿಡಿದು ಕೂರಬೇಕು, ಎರಡು ನಿಮಿಷಕ್ಕೊಮ್ಮೆ ಕೂಗಬೇಕು, ಒಳಗಿನವನು ಓಗೊಡಬೇಕು. ಕಾರ್ಖಾನೆಯ ಕಟ್ಟುನಿಟ್ಟಾದ ನಿಯಮ. ಅಟ್ಟಣಿಗೆಯ ಮೇಲೆ ಆ ಹೊತ್ತಿಗೆ ಸ್ಟೋರಿನ ಹೆಂಗಸೂ ಇರಲಿಲ್ಲ.

ಫಿಟ್ಟರ್ ಎರಡು ನಿಮಿಷ ತಡೆದ. ಮೂರು ನಿಮಿಷ ತಡೆದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಬೀಗರೇ" ಎಂದ.

ಒಳಗೆ ಕಬ್ಬಿಣ ಕುಟ್ಟುವ ಸದ್ದು ನಿಂತಿತು. "ಹೂಂ."

ಮತ್ತೆ ಎರಡು ನಿಮಿಷ. "ಬೀಗರೇ."

"ಹೂಂ."

ಹೀಗೆ ಮೂರು ತಿಂಗಳ ಮೌನ ಒಡೆಯಿತು, ಒಂದೊಂದೇ ಹೂಂಕಾರದಲ್ಲಿ. ಅರ್ಧ ಗಂಟೆಯಾದ ಮೇಲೆ ಫಿಟ್ಟರ್ ತನ್ನ ಕಡೆಯಿಂದ, "ಸೆಕೆ ಜಾಸ್ತಿನಾ?" ಎಂಬ ಒಂದು ಮಾತು ಸೇರಿಸಿದ. "ಇನ್ನೇನು ತಂಪಿರುತ್ತಾ?" ಎಂದಿತು ಒಳಗಿನ ದನಿ. ನೀಲಿ ಬೆಳಕು ಬಾಗಿಲ ಅಂಚಿನಲ್ಲಿ ಹೊತ್ತಿ ಹೊತ್ತಿ ಆರುತ್ತಿತ್ತು.

ಎಂಟು ಗಂಟೆಯ ಸುಮಾರಿಗೆ ಕೂಗಿದಾಗ ಹೂಂ ಬರಲಿಲ್ಲ, ಕೆಮ್ಮು ಬಂತು. ಒಂದು ಸಲ ಕೆಮ್ಮಿ ಮುಗಿಯುವ ಕೆಮ್ಮಲ್ಲ. ಬುಡಮೇಲು ಮಾಡುವಂಥದ್ದು, ಮುಗಿಯಿತು ಅನ್ನುವಾಗ ಮತ್ತೆ ಶುರುವಾಗುವಂಥದ್ದು. ಹಗ್ಗ ಫಿಟ್ಟರ್‌ನ ಕೈಯಲ್ಲಿ ನಡುಗಿತು.

"ಏನಾಯ್ತು?"

"ಏನಿಲ್ಲ. ಹೊಗೆ."

"ಹೊಗೆ ಕೆಮ್ಮು ನನಗೆ ಗೊತ್ತಿಲ್ವಾ? ಎಷ್ಟು ದಿನದಿಂದ ಇದು?"

ಒಳಗೆ ರಾಡು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಎಂಟು ತಿಂಗಳಾಯ್ತು" ಎಂದ ವೆಲ್ಡರ್. ಎದುರಿಗಿದ್ದಿದ್ದರೆ ಹೇಳುತ್ತಿರಲಿಲ್ಲವೋ ಏನೋ. ಕತ್ತಲಲ್ಲಿ, ತಗಡಿನ ಗೋಡೆಯ ಆಚೆಯಿಂದ ಹೇಳುವುದು ಅವನಿಗೆ ಸುಲಭವಾದ ಹಾಗಿತ್ತು. "ಡಾಕ್ಟರಿಗೆ ತೋರಿಸ್ದೆ. ಎದೆಯ ಎಕ್ಸ್‌ರೇ ತೆಗೆದ್ರು. ಎರಡೂ ಕಡೆ ಬೆಳ್ಳಗೆ ಚುಕ್ಕಿ ಚುಕ್ಕಿ. ಧೂಳಿನ ಕೆಲಸ ಬಿಟ್ಟುಬಿಡಿ ಅಂದ್ರು."

"ಮನೇಲಿ ಗೊತ್ತಾ?"

"ನಮ್ಮವಳಿಗೆ ಗೊತ್ತು, ಮಗನಿಗೆ ಗೊತ್ತು. ನಿಮ್ಮ ಮಗಳಿಗೆ ಹೇಳಿಲ್ಲ. ಅವಳು ನನ್ನ ಕೆಲಸದ ಬಟ್ಟೆ ಕೊಡವಿ ಒಗೀತಿದ್ಲು. ಬೇಡಮ್ಮಾ ಅಂದ್ರೂ ಕೇಳ್ತಿರ್ಲಿಲ್ಲ. ಒಂದಿನ ನೋಡ್ತೀನಿ, ಹಿತ್ತಿಲಲ್ಲಿ ನಿಂತು ಕೊಡವ್ತಿದಾಳೆ, ಮುಖದ ತುಂಬ ಬಿಳೀ ಪುಡಿ, ಬಸುರಿ ಹೆಂಗಸು. ನನಗೆ ಕೈಕಾಲೇ ಆಡ್ಲಿಲ್ಲ. ಮಗನಿಗೆ ನಾನೇ ಹೇಳ್ದೆ, ಬೇರೆ ಮನೆ ಮಾಡು, ಏನಾದ್ರೂ ನೆಪ ಹೇಳಿ ಕರ್ಕೊಂಡ್ ಹೋಗು ಅಂತ. ನಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ದೆ ಪಾಪ ಅತ್ಕೊಂಡೇ ಹೋದ್ಲು."

ಫಿಟ್ಟರ್ ಹಗ್ಗ ಹಿಡಿದು ಕೂತೇ ಇದ್ದ. ಬೀಗಿತ್ತಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತದ್ದು, ಕಿಟಕಿಗಳಲ್ಲಿ ಕಂಡ ಮುಖಗಳು, ತಾನು ಆಡಿದ ಒಂದೊಂದು ಮಾತು ಕಣ್ಣಿಗೆ ಕಟ್ಟಿದ ಹಾಗೆ ಬಂದವು.

"ನನಗೊಂದು ಮಾತು ಹೇಳ್ಬೋದಿತ್ತಲ್ಲ."

"ನಿಮಗೆ ಹೇಳಿದ್ರೆ ನಿಮ್ಮನೆಯವರಿಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾದ್ರೆ ಸಂಜೆ ಹೊತ್ತಿಗೆ ಗೇಟಿನ ವಾಚ್‌ಮನ್ನಿಗೂ ಗೊತ್ತಾಗುತ್ತೆ. ಆಮೇಲೆ ನನ್ನ ಇಲ್ಲಿ ಇಟ್ಕೋತಾರಾ? ಇನ್ನೂ ಮೂರು ವರ್ಷ ಸರ್ವಿಸ್ ಇದೆ." ಮತ್ತೆ ಕೆಮ್ಮು.

ಫಿಟ್ಟರ್ ಎದ್ದು ನಿಂತ. ಮಂಡಿ ಕಳಕ್ಕೆಂದಿತು. ಬಾಗಿಲಿಗೆ ತಲೆ ಹಾಕಿ, ಮೂರು ವರ್ಷದಿಂದ ಆಡದ ದನಿಯಲ್ಲಿ ಅರಚಿದ. "ಲೋ! ಹೊರಗೆ ಬಾರೋ! ಎದೆಯೆಲ್ಲ ತೂತು ಮಾಡ್ಕೊಂಡು ಇದರೊಳಗೆ ಯಾಕೋ ಇಳ್ದೆ, ಕತ್ತೆ?"

"ಇನ್ನೊಂದು ಗೇಣು ಉಳಿದಿದೆ ಕಣೋ."

"ಆ ಗೇಣು ನಾನು ಹಾಕ್ತೀನಿ. ನೀನು ಬಾ."

"ನೀನು ವೆಲ್ಡಿಂಗ್ ಮಾಡಿದ್ರೆ ಕಾಗೆ ಹಿಕ್ಕೆ ಹಾಕಿದ ಹಾಗಿರುತ್ತೆ."

"ಇರ್ಲಿ. ಒಳಗೆ ಯಾರು ಬಂದು ನೋಡ್ತಾರೆ? ಬರ್ತೀಯೋ, ಹಗ್ಗ ಹಿಡಿದು ಎಳೀಲೋ?"

ವೆಲ್ಡರ್ ಹೊರಗೆ ಬಂದ. ಕಣ್ಣುಗಳು ಕೆಂಡವಾಗಿದ್ದವು, ಹುಬ್ಬಿನವರೆಗೂ ಸುಣ್ಣ. ಇಬ್ಬರೂ ಒಂದು ಕ್ಷಣ ಮುಖ ನೋಡಿಕೊಂಡರು. ಫಿಟ್ಟರ್ ಅವನ ಸೊಂಟದ ಪಟ್ಟಿ ಬಿಚ್ಚಿ ತಾನು ಕಟ್ಟಿಕೊಂಡ, ಮುಖವಾಡ ಬಿಗಿದ, ನೋಯುವ ಕಾಲನ್ನು ಕೈಯಲ್ಲಿ ಎತ್ತಿ ಬಾಗಿಲ ಒಳಗೆ ಇಟ್ಟ.

ಒಳಗೆ ಹಬೆಯಲ್ಲಿ ಬೇಯಿಸಿದ ಹಾಗಿತ್ತು. ಕೆಳಗೆ ಜಾರುವ ಇಳಿಜಾರು, ಹಿಡಿದುಕೊಳ್ಳಲು ಒಂದು ಮೊಳ ಏಣಿ. ವೆಲ್ಡರ್ ಬಾಗಿಲಲ್ಲಿ ಕೂತು, ದೂರದಿಂದ ಬೀಳುವ ಬೆಳಕು ನೋಡಿಯೇ ಹೇಳಿಕೊಟ್ಟ: "ರಾಡು ಅಷ್ಟು ಒತ್ತಬೇಡ. ಮೆಲ್ಲಗೆ. ತಗಡು ಸವೆದಿದೆ, ತೂತಾಗುತ್ತೆ. ಹಾಂ, ಹಾಗೆ. ಈಗ ಎಡಕ್ಕೆ." ವೆಲ್ಡರ್ ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಒಂದು ಗೇಣಿಗೆ ಫಿಟ್ಟರ್ ಮುಕ್ಕಾಲು ಗಂಟೆ ತೆಗೆದುಕೊಂಡ. ಎರಡು ಸಲ ರಾಡು ಅಂಟಿತು, ಒಂದು ಸಲ ಮುಂಗೈ ಸುಟ್ಟಿತು. ಕೊನೆಗೆ ಹೊರಬಂದಾಗ ಅವನಿಗೆ ನೆಲದ ಮೇಲೆ ಅಂಗಾತ ಬೀಳದೆ ಗತಿಯಿರಲಿಲ್ಲ.

"ಕಾಗೆ ಹಿಕ್ಕೇನಾ?" ಎಂದು ಕೇಳಿದ ವೆಲ್ಡರ್.

"ಪಾರಿವಾಳದ್ದು" ಎಂದ ಫಿಟ್ಟರ್, ಕಣ್ಣು ಮುಚ್ಚಿಕೊಂಡೇ.

ಚೀಲ ತೂಗುಹಾಕುವ ಕೆಲಸ ಆಮೇಲೆ ಇದ್ದೇ ಇತ್ತು. ವೆಲ್ಡರ್‌ನನ್ನು ಪೆಟ್ಟಿಗೆಯ ಹತ್ತಿರ ಸುಳಿಯಲು ಬಿಡದೆ, ದೂರದಲ್ಲಿ ನೆರಳಿಗೆ ಕೂರಿಸಿ ಬಗ್ಗಿದ ಕೇಜುಗಳನ್ನು ನೆಟ್ಟಗೆ ಮಾಡಲು ಹಚ್ಚಿದ. ತಾನು ಕೂಲಿಯವರ ಜೊತೆ ಮೇಲೆ ನಿಂತು ಒಂದೊಂದೇ ಹೊಸ ಚೀಲವನ್ನು ಇಳಿಬಿಟ್ಟು, ಉಂಗುರ ಬಗ್ಗಿಸಿ, ಕಟಕ್ ಎಂದು ಕೂರಿಸಿ, ಸುತ್ತ ಬೆರಳಾಡಿಸಿ, ಕೇಜು ಇಳಿಸಿದ. ಸಂಜೆ ಬೆಳಕಿರುವಷ್ಟು ಹೊತ್ತು ಮಾಡಿ, ಮೂರನೆಯ ದಿನ ಬೆಳಿಗ್ಗೆ ಮತ್ತೆ ಮುಂದುವರಿಸಿ, ಹನ್ನೊಂದೂವರೆಗೆ ಮುಗಿಸಿದರು. ಇಬ್ಬರೂ ತಮ್ಮ ತಮ್ಮ ಬೀಗ ತೆಗೆದರು. ಹೊಸ ಬಟ್ಟೆಗೆ ಮೊದಲು ತೆಳುವಾಗಿ ಪುಡಿ ಹಿಡಿಸಿ, ಒಂದು ಗಂಟೆಗೆ ಗಿರಣಿ ಶುರುಮಾಡಿದರು. ಮುಳ್ಳು ಒಂದೂವರೆಯಲ್ಲಿ ನಿಂತಿತು. ಚಿಮಣಿಯ ಬಾಯಲ್ಲಿ ಬಿಸಿಲು ಅಲುಗುವುದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಅರ್ಧ ದಿನಕ್ಕಿಂತ ಜಾಸ್ತಿ ಲೇಟು" ಎಂದ ಮ್ಯಾನೇಜರ್. ಫಿಟ್ಟರ್‌ಗೆ ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಯಾವುದಕ್ಕೂ ಮೈಯಲ್ಲಿ ಜಾಗವಿರಲಿಲ್ಲ.

ಸಂಜೆ ಐದಕ್ಕೆ ಅವನು ಮನೆಗೆ ಹೋಗಲಿಲ್ಲ. ಮೊದಲು ಕಾರ್ಖಾನೆಯಲ್ಲೇ ಮಿಂದು, ಬಟ್ಟೆ ಬದಲಿಸಿ, ವೆಲ್ಡರ್ ಜೊತೆ ಅವನ ಮನೆಗೆ ಹೋದ. ಬೀಗಿತ್ತಿ ಬಾಗಿಲಲ್ಲಿ ಇವನನ್ನು ಕಂಡು ಹಿಂದೆ ಸರಿಯಲೂ ಇಲ್ಲ, ಬನ್ನಿ ಅನ್ನಲೂ ಇಲ್ಲ.

"ಅಮ್ಮಾ, ಅವತ್ತು ನಾನು ಏನೂ ತಿಳೀದೆ ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ. ತಪ್ಪಾಯ್ತು" ಎಂದ. ಪಕ್ಕದ ಮನೆಯವರಿಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದ.

ಆಕೆ ಗಂಡನ ಮುಖ ನೋಡಿದಳು. ಗುಟ್ಟು ಹೊರಬಿದ್ದಿದೆ ಎಂದು ಅರ್ಥವಾಯಿತು.

"ಆ ಮಾತು ನಾನು ಮರೆಯೋಕಾಗಲ್ಲ ಬೀಗರೇ" ಎಂದಳು. "ಕೇರಿಯವರೆಲ್ಲ ಕೇಳಿಸ್ಕೊಂಡ್ರು. ಇವರು ಯಾರಿಗೂ ಹೇಳ್ಬಾರ್ದು ಅಂತ ಆಣೆ ಇಟ್ಟಿದ್ರಿಂದ ಉತ್ತರಾನೂ ಕೊಡೋ ಹಾಗಿರ್ಲಿಲ್ಲ. ಮೂರು ತಿಂಗಳು ತಲೆ ಎತ್ತಿಲ್ಲ ನಾನು." ಬಾಗಿಲಿನಿಂದ ಪಕ್ಕಕ್ಕೆ ಸರಿದು, "ನಿಂತ್ಕೊಂಡೇ ಇದೀರಲ್ಲ, ಮಂಡಿ ನೋವಲ್ವಾ? ಒಳಗೆ ಬಂದು ಕೂತ್ಕೊಳ್ಳಿ" ಎಂದಳು.

ಅವನು ಗೋಡೆ ಬದಿಯ ಬೆಂಚಿನ ಮೇಲೆ ಕೂತ. ಮಗಳಿಗೆ ಹೇಗೆ ಹೇಳುವುದು, ಹೆಂಡತಿಗೆ ಎಷ್ಟು ಹೇಳುವುದು, ಡಾಕ್ಟರ್ ಹತ್ತಿರ ಮತ್ತೊಮ್ಮೆ ಹೋಗುವುದು, ಹೇಳಬೇಕಾದ್ದು ಇನ್ನೂ ರಾಶಿ ಇತ್ತು. ಆಕೆ ಕಾಫಿ ತರುವಷ್ಟರಲ್ಲಿ ಅವನ ಗಲ್ಲ ಎದೆಗೆ ತಾಗಿತ್ತು. ಎದುರಿನ ಕುರ್ಚಿಯಲ್ಲಿ ವೆಲ್ಡರ್ ಕೂಡ ಬಾಯಿ ತೆರೆದು ನಿದ್ದೆ ಹೋಗಿದ್ದ. ಎರಡು ಲೋಟವನ್ನೂ ಆಕೆ ತಟ್ಟೆ ಮುಚ್ಚಿ ಇಟ್ಟಳು. ಆಮೇಲೆ ಫೋನು ತೆಗೆದು ಸೊಸೆಗೆ, "ನಿಮ್ಮಪ್ಪ ಇಲ್ಲೇ ಇದಾರೆ ಕಣಮ್ಮಾ. ನಿಮ್ಮ ಮಾವನೂ ಅವರೂ ದಿಮ್ಮಿ ಬಿದ್ದ ಹಾಗೆ ಬಿದ್ದಿದಾರೆ. ಹೂಂ, ಮತ್ತೆ ಮಾತಾಡೋಕೆ ಶುರುಮಾಡಿದಾರೆ. ನಾಳೆ ಇಬ್ಬರೂ ಬನ್ನಿ, ನಿನಗೊಂದು ವಿಷಯ ಹೇಳೋದಿದೆ" ಎಂದಳು.

ಮುಂದಿನ ವಾರ ವೆಲ್ಡರ್ ಡಾಕ್ಟರ್ ಕಾಗದವನ್ನು ತಾನೇ ಆಫೀಸಿಗೆ ಒಯ್ದುಕೊಟ್ಟ. ಫಿಟ್ಟರ್ ಜೊತೆಗೆ ನಿಂತಿದ್ದ. ಹೊರಗೆ ಹಾಕುವ ಮಾತು ಬಂತು, ನಾಲ್ಕು ದಿನ ಎಳೆದಾಡಿತು. ಇಪ್ಪತ್ತೊಂಬತ್ತು ವರ್ಷ ಧೂಳು ಕುಡಿಸಿ ಈಗ ದಾರಿ ತೋರಿಸುತ್ತೀರಾ ಎಂದು ಸ್ಟೋರಿನ ಹೆಂಗಸು ಎಲ್ಲರ ಮುಂದೆ ಕೇಳಿದ ಮೇಲೆ, ಅವನನ್ನು ಗೇಟಿನ ಹತ್ತಿರದ ಟೂಲ್ ರೂಮಿಗೆ ಹಾಕಿದರು. ಅಲ್ಲಿ ಧೂಳಿಲ್ಲ, ಹೆಚ್ಚು ಕೆಲಸವೂ ಇಲ್ಲ. ಕೆಮ್ಮು ವಾಸಿಯಾಗಲಿಲ್ಲ, ವಾಸಿಯಾಗುವುದಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಹೆಚ್ಚಾಗುವುದು ನಿಂತಿತು, ಅಷ್ಟೇ. ಮಧ್ಯಾಹ್ನದ ಊಟಕ್ಕೆ ಫಿಟ್ಟರ್ ಡಬ್ಬಿ ಹಿಡಿದು ಅಷ್ಟು ದೂರ ಕುಂಟುತ್ತ ನಡೆದು ಬರುತ್ತಾನೆ. ಒಳಗೆ ಬರುವ ಮೊದಲು ಬಾಗಿಲಾಚೆ ನಿಂತು ಮೈಮೇಲಿನ ಪುಡಿ ಒದ್ದೆಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾನೆ. "ಸಾಕು ಬಾರೋ, ಊಟ ಆರಿಹೋಗುತ್ತೆ" ಎಂದು ವೆಲ್ಡರ್ ಒಳಗಿನಿಂದ ಕೂಗುತ್ತಾನೆ.